ಮನಿಲಾ ಹಡಗಿನಿಂದ ಇಳಿದ ಕಳ್ಳು

ಕೇಳುಗರಿಗೆ ನಮಸ್ಕಾರ. ಮನಿಲಾ ಗ್ಯಾಲಿಯನ್ ಅಂದ ಕೂಡಲೇ ಎಲ್ಲರೂ ಬೆಳ್ಳಿಯ ಕಥೆ ಶುರು ಮಾಡುತ್ತಾರೆ. ಅದನ್ನು ನಾನು ಎರಡೇ ಮಾತಲ್ಲಿ ಮುಗಿಸುತ್ತೇನೆ. 1565ರಿಂದ 1815ರವರೆಗೆ ಸ್ಪೇನಿನ ಹಡಗುಗಳು ಮೆಕ್ಸಿಕೋಗೂ ಫಿಲಿಪೀನ್ಸಿಗೂ ಓಡಾಡಿದವು. ಅಕಾಪುಲ್ಕೋದಿಂದ ಬೆಳ್ಳಿ, ಮನಿಲಾದಿಂದ ಚೀನಾದ ರೇಷ್ಮೆ, ಪಿಂಗಾಣಿ. ಮುಗಿಯಿತು.

ನೀವು ನೋಡಬೇಕಾದದ್ದು ಸರಕನ್ನಲ್ಲ, ಹಗ್ಗ ಎಳೆದವರನ್ನು. ಅವರಲ್ಲಿ ಬಹಳ ಮಂದಿ ಫಿಲಿಪಿನೋಗಳು. ಮನಿಲಾಕ್ಕೆ ಹೋಗಲು ಮೂರು ತಿಂಗಳು ಸಾಕು. ಅಲ್ಲಿಂದ ಬರಲು ನಾಲ್ಕರಿಂದ ಆರು ತಿಂಗಳು! ಮೊದಲು ಉತ್ತರಕ್ಕೆ, ಜಪಾನಿನ ಕಡೆಗೆ ಹೋಗಿ ಗಾಳಿ ಹಿಡಿಯಬೇಕು. 1565ರಲ್ಲಿ ಉರ್ದನೆಟಾ ಎಂಬ ಪಾದ್ರಿ ಕಂಡುಕೊಂಡ ದಾರಿ ಅದು. ಚಳಿ, ಹಸಿವು, ವಸಡಿನಲ್ಲಿ ರಕ್ತ. ಇಷ್ಟು ಪಟ್ಟು ದಡ ಸೇರಿದವನು ಮತ್ತೆ ಹಡಗು ಹತ್ತುತ್ತಾನಾ?

ಹತ್ತಲಿಲ್ಲ. 1619ರಲ್ಲಿ ಒಬ್ಬ ಕಪ್ತಾನ ದೊರೆಗೆ ದೂರು ಬರೆದ. ಎಸ್ಪಿರಿತು ಸಾಂತೋ ಹಡಗಿನಲ್ಲಿ ಬಂದ 75 ಫಿಲಿಪಿನೋ ನಾವಿಕರಲ್ಲಿ ವಾಪಸ್ ಹೊರಟವರು ಐದೇ ಜನ! ಉಳಿದವರು ಏನು ಮಾಡುತ್ತಿದ್ದರು ಗೊತ್ತಾ? ಮೆಕ್ಸಿಕೋದ ಕೊಲಿಮಾ ಕರಾವಳಿಯಲ್ಲಿ ತೆಂಗಿನ ಮರ ಹತ್ತಿ, ಹೊಂಬಾಳೆ ಕೊಯ್ದು, ಕಳ್ಳು ಇಳಿಸುತ್ತಿದ್ದರು. ನಮ್ಮ ಕರಾವಳಿಯವರಿಗೆ ಈ ಕೆಲಸ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನವರಿಗೆ ರುಚಿ ಹತ್ತಿಬಿಟ್ಟಿತು. ಇನ್ನು ಸ್ಪೇನಿನ ದ್ರಾಕ್ಷಾರಸ ಯಾರು ಕೊಳ್ಳುತ್ತಾರೆ? ಕಪ್ತಾನನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅಲ್ಲೇ. ತೋಟ ಸುಡಿಸಿ, ಇವರನ್ನೆಲ್ಲ ಹಿಡಿದು ಹಡಗು ಹತ್ತಿಸಿ ಅಂತ ಅವನ ಸಲಹೆ.

ಕಳ್ಳು ಮಾತ್ರ ಹೋಗಲಿಲ್ಲ. ಇವತ್ತಿಗೂ ಕೊಲಿಮಾದ ಬೀದಿಯಲ್ಲಿ ಅದನ್ನು ಸೋರೆಬುರುಡೆಯಲ್ಲಿ ತುಂಬಿಕೊಂಡು ಮಾರುತ್ತಾರೆ. ಲೋಟಕ್ಕೆ ಕಡಲೆಕಾಯಿ ಬೀಜ ಉದುರಿಸಿ ಕೊಡುತ್ತಾರೆ. ಹೆಸರು ತುಬಾ. ಫಿಲಿಪೀನ್ಸಿನಲ್ಲೂ ತುಬಾನೇ. ಇದನ್ನು ಯಾವ ವ್ಯಾಪಾರಿಯೂ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ತಂದದ್ದಲ್ಲ. ತಂದವರು ಹಗ್ಗ ಎಳೆದವರು. ಮತ್ತೆ ಮತ್ತೆ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೆಳ್ಳಿ ಬೆಳ್ಳಿ ಅಂತ ಕೇಳಿ ಕೇಳಿ ನನಗೂ ಸಾಕಾಗಿದೆ.

ಮಾವಿನ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ. ಗಾಜಿನಾಚೆ ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ಮೆಕ್ಸಿಕೋದಲ್ಲಿ ಒಂದು ಮಾವಿನ ಹೆಸರೇ ಮನಿಲಾ, ಅಷ್ಟು ಸಾಕು. ಅತ್ತಲಿಂದ ಮನಿಲಾಕ್ಕೆ ಹೋದದ್ದು ಸೀಮೆಬದನೆಕಾಯಿ. ಅಲ್ಲಿ ಅದನ್ನು ಸಯೋಟೆ ಅನ್ನುತ್ತಾರೆ, ಮೆಕ್ಸಿಕೋದ ನಹುವಾಟಲ್ ಭಾಷೆಯ ಮಾತು. ನಮ್ಮ ಸಪೋಟ ಇದೆಯಲ್ಲ, ಆ ಹೆಸರೂ ಅದೇ ಭಾಷೆಯದು. ಅಲ್ಲಿ ಅದು ತ್ಸಾಪೋಟ್ಲ್. ನಮಸ್ಕಾರ.