ಚಳಿಗಾಲ ಪೂರ್ತಿ ಕಾರು ನಿಲ್ಲಿಸುವ ಮುನ್ನ: ತೇವ, ಬ್ಯಾಟರಿ, ಇಲಿ

[ದೃಶ್ಯ: ಹೊದಿಕೆ ಹೊದ್ದು ನಿಂತ ಕಾರು. ಒಂದು ಕೈ ಹೊದಿಕೆ ಸರಿಸಿ ಬಾಗಿಲು ತೆಗೆಯುತ್ತದೆ, ಕೀಲಿ ತಿರುಗಿಸುತ್ತದೆ. ಟಿಕ್ ಟಿಕ್ ಸದ್ದು, ಅಷ್ಟೇ.]

ನಿರೂಪಣೆ:

ನಮಸ್ಕಾರ. ಚಳಿಗಾಲದಲ್ಲಿ ನಾಲ್ಕೈದು ತಿಂಗಳು ಕಾರು ಹೊರಗೆ ತೆಗೆಯೋದಿಲ್ಲ ಅಂದರೆ ಸಾಕು, ಹತ್ತರಲ್ಲಿ ಒಂಬತ್ತು ಜನ ಹೇಳುವ ಮಾತು ಒಂದೇ: "ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಿ, ಏನೂ ಆಗಲ್ಲ." ಆಗುತ್ತದೆ. ಏನಾಗುತ್ತದೆ ಅನ್ನೋದರಿಂದಲೇ ಶುರು ಮಾಡೋಣ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

[ದೃಶ್ಯ: ಸೈಲೆನ್ಸರ್ ತುದಿಯಿಂದ ತೊಟ್ಟಿಕ್ಕುವ ನೀರು, ಹತ್ತಿರದಿಂದ.]

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಆಗುವ ನೀರು ಅದು. ಇಂಜಿನ್, ಸೈಲೆನ್ಸರ್ ಎರಡೂ ಚೆನ್ನಾಗಿ ಕಾದಿದ್ದರೆ ಆವಿಯಾಗಿ ಹೊರಗೆ ಹೋಗುತ್ತದೆ. ಐದೇ ನಿಮಿಷ ಓಡಿಸಿ ನಿಲ್ಲಿಸಿದರೆ ಆ ಆವಿ ತಣ್ಣಗಿನ ಸೈಲೆನ್ಸರ್ ಒಳಗೇ ನೀರಾಗಿ ಕೂತು ತುಕ್ಕು ಹಿಡಿಸುತ್ತದೆ. ಪಿಸ್ಟನ್ ರಿಂಗ್ ಸಂದಿಯಿಂದ ಜಾರಿದ ಒಂದಷ್ಟು ಆವಿ ಇಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಮೈಗೆ ಬೆಳ್ಳಗೆ ಕೆನೆ ಥರ ಕಟ್ಟಿರುತ್ತದಲ್ಲ, ಅದು ಇದೇ.

ಬ್ಯಾಟರಿಗೂ ಇದರಿಂದ ಲಾಭವಿಲ್ಲ. ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಇಂಜಿನ್ ಓಡುವಾಗ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೊಡುವ ಕರೆಂಟ್ ಕಡಿಮೆ, ಮರಗಟ್ಟಿದ ಬ್ಯಾಟರಿ ಅದನ್ನು ಒಳಗೆ ಎಳೆದುಕೊಳ್ಳೋದೂ ನಿಧಾನ. ಹೀಟರ್ ಫ್ಯಾನು, ಹಿಂದಿನ ಗಾಜಿನ ಡೀಫಾಗರ್ ಹಾಕಿದ್ದರಂತೂ ಬಂದದ್ದೆಲ್ಲ ಅಲ್ಲಿಗೇ ಸರಿ. ಇನ್ನು ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಜೀವವೇ ಹೋಗಬಹುದು. ವಾಸನೆಯೂ ಇಲ್ಲ, ಬಣ್ಣವೂ ಇಲ್ಲದ ಗಾಳಿ ಅದು.

ಹಾಗಾಗಿ ಆಯ್ಕೆ ಎರಡೇ. ಒಣ ರಸ್ತೆ ಇರುವ ದಿನ ಅರ್ಧ ಗಂಟೆಯಾದರೂ ಓಡಿಸಿ, ರೇಡಿಯೇಟರ್ ನೀರಷ್ಟೇ ಅಲ್ಲ, ಆಯಿಲ್ ಕೂಡ ಬಿಸಿಯಾಗುವವರೆಗೆ. ಅದು ಆಗೋದಿಲ್ಲವೆಂದರೆ ಮುಟ್ಟಲೇಬೇಡಿ. ಮುಟ್ಟದೆ ಬಿಡೋದಕ್ಕೆ ಸಿದ್ಧತೆ ಹೇಗೆ ಅನ್ನೋದು ಈ ವಿಡಿಯೋ.

[ದೃಶ್ಯ: ಖಾಲಿ ಗ್ಯಾರೇಜ್. ನೆಲದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದಾರೆ.]

ಮೊದಲು ಜಾಗ. ಕಬ್ಬಿಣಕ್ಕೆ ಚಳಿಯಿಂದ ತೊಂದರೆಯಿಲ್ಲ. ಗಾಳಿಯ ತೇವಾಂಶ 60 ಶೇಕಡಾ ದಾಟಿತೆಂದರೆ ತುಕ್ಕಿನ ವೇಗ ಜೋರಾಗುತ್ತದೆ. ಬೆಚ್ಚಗಿರುವ ಗ್ಯಾರೇಜೇ ಒಳ್ಳೆಯದು ಅನ್ನೋ ನಂಬಿಕೆ ಪೂರ್ತಿ ನಿಜವಲ್ಲ. ಹಿಮ ಕರಗಲಿ ಅಂತ ರಸ್ತೆಗೆ ಹಾಕಿದ ಉಪ್ಪು ಕಾರಿನ ತಳಕ್ಕೆ ಮೆತ್ತಿಕೊಂಡಿದ್ದು, ಅದೇ ಕಾರನ್ನು ಬೆಚ್ಚಗಿನ ಒದ್ದೆ ಕೋಣೆಯಲ್ಲಿ ನಿಲ್ಲಿಸಿದರೆ, ಹೊರಗೆ ಹೆಪ್ಪುಗಟ್ಟುವ ಚಳಿಯಲ್ಲಿ ನಿಂತ ಕಾರಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಒಣಗಿದ್ದು, ಗಾಳಿ ಆಡುವಂತಿದ್ದರೆ ತಣ್ಣಗಿನ ಶೆಡ್ಡೇ ವಾಸಿ. ಮಣ್ಣಿನ ನೆಲವಾದರೆ ಕಾರು ನಿಲ್ಲಿಸುವ ಜಾಗಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ನೆಲದಿಂದ ಏಳುವ ತೇವ ನೇರ ಕಾರಿನ ತಳಕ್ಕೇ ಬಡಿಯುತ್ತದೆ.

ನಿಲ್ಲಿಸುವ ಹಿಂದಿನ ದಿನ ತೊಳೆಯಿರಿ. ಚಕ್ರದ ಮೇಲಿನ ಮಡ್‌ಗಾರ್ಡ್ ಒಳಗೆ, ಬಾಗಿಲಿನ ತಳದ ಸಂದಿಗಳಲ್ಲಿ, ಗಾಜಿನ ಬುಡದಲ್ಲಿ ಎಲೆ, ಕೆಸರು ಸೇರಿಕೊಂಡಿರುತ್ತದೆ. ಅದು ವಾರಗಟ್ಟಲೆ ಒದ್ದೆಯಾಗೇ ಇರುವ ವಸ್ತು, ಬೆರಳು ಹಾಕಿ ತೆಗೆಯಿರಿ. ಹಕ್ಕಿ ಹಿಕ್ಕೆ ಒಂದು ಚುಕ್ಕೆಯೂ ಉಳಿಯಬಾರದು, ನಾಲ್ಕು ತಿಂಗಳಲ್ಲಿ ಪೇಂಟ್ ತಿಂದುಹಾಕುತ್ತದೆ. ತೊಳೆದ ಮೇಲೆ ಇಪ್ಪತ್ತು ನಿಮಿಷ ಓಡಿಸಿ, ದಾರಿಯಲ್ಲಿ ಹತ್ತಾರು ಸಲ ಬ್ರೇಕ್ ಒತ್ತಿ. ಬ್ರೇಕ್ ಡಿಸ್ಕ್ ಒಣಗಿಸೋದಕ್ಕೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಆಮೇಲೆ ವ್ಯಾಕ್ಸ್.

[ದೃಶ್ಯ: ಕಪ್ಪಗಾದ ಹಳೆ ಆಯಿಲ್ ಟ್ರೇಗೆ ಸುರಿಯುತ್ತಿದೆ.]

ಇಂಜಿನ್ ಆಯಿಲ್ ಬದಲಿಸೋದು ಯಾವಾಗ? ನಿಲ್ಲಿಸುವ ಮೊದಲು. ಕಾರು ಹೊರಗೆ ತೆಗೆಯುವಾಗ ಬದಲಿಸಿದರಾಯಿತು ಅನ್ನೋದು ಉಲ್ಟಾ ಲೆಕ್ಕ. ಓಡಿದ ಆಯಿಲ್‌ನಲ್ಲಿ ಆಮ್ಲ, ನೀರು, ಅರೆ ಉರಿದ ಪೆಟ್ರೋಲ್ ಇರುತ್ತದೆ. ಅದನ್ನು ಬೇರಿಂಗ್‌ಗಳ ಮೇಲೆ ತಿಂಗಳುಗಟ್ಟಲೆ ಕೂರಿಸೋದು ಬೇಡ. ಇಂಜಿನ್ ಬಿಸಿ ಇರುವಾಗಲೇ ಇಳಿಸಿ, ಫಿಲ್ಟರ್ ಸಮೇತ ಹೊಸದು ಹಾಕಿ, ಒಂದೆರಡು ನಿಮಿಷ ಓಡಿಸಿ ಒಳಗೆಲ್ಲ ಹರಡಿಸಿ.

ಈಗ ಟ್ಯಾಂಕ್. ತುಂಬಿಸಬೇಕು, ಆದರೆ ಕುತ್ತಿಗೆಯವರೆಗೆ ಬೇಡ, 90ರಿಂದ 95 ಶೇಕಡಾ ಸಾಕು. ಹಳೆ ಕಾರಿನ ತಗಡಿನ ಟ್ಯಾಂಕ್ ಅರ್ಧ ಖಾಲಿಯಿದ್ದರೆ ಹಗಲು-ರಾತ್ರಿಯ ತಾಪದ ಏರಿಳಿತಕ್ಕೆ ಒಳಗಿನ ಗಾಳಿಯ ತೇವ ಗೋಡೆಗೆ ಹನಿಗಟ್ಟಿ ತುಕ್ಕು ಬರುತ್ತದೆ. ಈಗಿನ ಕಾರುಗಳದು ಪ್ಲಾಸ್ಟಿಕ್ ಟ್ಯಾಂಕ್, ಮುಚ್ಚಿದ ವ್ಯವಸ್ಥೆ, ಈ ಭಯ ಕಡಿಮೆ. ಅವುಗಳಲ್ಲಿ ನೋಡಬೇಕಾದ್ದು ಎಥೆನಾಲ್. 10 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್ ಸುಮಾರು ಅರ್ಧ ಶೇಕಡಾದಷ್ಟು ನೀರನ್ನು ತನ್ನೊಳಗೆ ಕರಗಿಸಿಕೊಂಡಿರಬಲ್ಲದು. ನೀರು ಅದನ್ನು ಮೀರಿದರೆ, ಅಥವಾ ನೀರು ಅಷ್ಟೇ ಇದ್ದು ಚಳಿ ಹೆಚ್ಚಿದರೆ, ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕಿಳಿಯುತ್ತದೆ. ಪಂಪ್ ಹೀರೋದು ತಳದಿಂದಲೇ. ಮೊದಲ ಸ್ಟಾರ್ಟ್‌ಗೆ ಇಂಜಿನ್‌ಗೆ ಹೋಗೋದು ಆ ನೀರೇ.

ಫ್ಯೂಯೆಲ್ ಸ್ಟೆಬಿಲೈಸರ್ ಹಾಕುವುದಾದರೆ ಬಾಟಲಿ ಮೇಲಿನ ಅಳತೆಗೆ ಹಾಕಿ, ಆಮೇಲೆ ಪೆಟ್ರೋಲ್ ತುಂಬಿಸಿ, ಬಂಕಿನಿಂದ ಹತ್ತು ನಿಮಿಷವಾದರೂ ಓಡಿಸಿಕೊಂಡು ಬನ್ನಿ. ಟ್ಯಾಂಕಿಗೆ ಸುರಿದು ಹಾಗೇ ನಿಲ್ಲಿಸಿದರೆ ಪೈಪು, ಇಂಜೆಕ್ಟರ್‌ಗಳಲ್ಲಿ ಹಳೆ ಪೆಟ್ರೋಲೇ ಉಳಿದು ಅಂಟಾಗುತ್ತದೆ. ಒಂದು ಮಾತು: ಇದು ಹೊಸ ಪೆಟ್ರೋಲ್ ಹಳಸದ ಹಾಗೆ ತಡೆಯುತ್ತದೆ, ಹಳಸಿದ್ದನ್ನು ಸರಿ ಮಾಡುವುದಿಲ್ಲ. ಕಾರ್ಬ್ಯುರೇಟರ್ ಇರುವ ಹಳೆ ಗಾಡಿಯಾದರೆ ಅದರ ಬಟ್ಟಲಿನ ಪೆಟ್ರೋಲ್ ಖಾಲಿ ಮಾಡಿಬಿಡಿ. ಡೀಸೆಲ್ ಗಾಡಿಗೆ ಚಳಿಗಾಲದ ಡೀಸೆಲ್ಲೇ ಇರಬೇಕು. ಬೇಸಿಗೆಯದು ಚಳಿಗೆ ಮೇಣಗಟ್ಟಿ ಫಿಲ್ಟರ್ ಕಟ್ಟಿಸುತ್ತದೆ. ಫಿಲ್ಟರ್ ತಳದಲ್ಲಿ ಸೇರಿದ ನೀರನ್ನೂ ಬಸಿದುಬಿಡಿ.

[ದೃಶ್ಯ: ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಕೂಲಂಟ್‌ನ ಒಂದು ಹನಿ. ಒಳಗಿನ ಅಳತೆಗೆರೆ ಕಾಣುತ್ತದೆ.]

ಕೂಲಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವದ ವಿಷಯದಲ್ಲಿ ಒಂದು ತಮಾಷೆಯ ಸಂಗತಿ ಇದೆ. ಅದರ ಮುಖ್ಯ ವಸ್ತು ಎಥಿಲೀನ್ ಗ್ಲೈಕಾಲ್ ಒಂದನ್ನೇ ಇಟ್ಟರೆ ಮೈನಸ್ 13 ಡಿಗ್ರಿ ಆಸುಪಾಸಿಗೇ ಹೆಪ್ಪುಗಟ್ಟುತ್ತದೆ. ಅದೇ ಸಮಪಾಲು ನೀರು ಬೆರೆಸಿದರೆ ಮೈನಸ್ 37ರವರೆಗೆ ತಡೆಯುತ್ತದೆ. ಹಾಗಾಗಿ "ಜಾಸ್ತಿ ಚಳಿ, ಪೂರ್ತಿ ಕೂಲಂಟೇ ಹಾಕಿಬಿಡೋಣ" ಅನ್ನಬೇಡಿ. ಅರ್ಧಕ್ಕರ್ಧ ಸಾಕು. ಮಾರುವಾಗಲೇ ನೀರು ಬೆರೆಸಿದ್ದಾದರೆ ಮತ್ತೆ ಬೆರೆಸಬೇಡಿ. ಹಳೆಯದನ್ನು ಬಣ್ಣ ನೋಡಿ ನಂಬೋದು ಬೇಡ, ಎಷ್ಟು ಚಳಿ ತಡೆಯುತ್ತದೆ ಅಂತ ರಿಫ್ರಾಕ್ಟೋಮೀಟರ್‌ನಲ್ಲಿ ಅಳೆದು ನೋಡಿ. ಬೇಸಿಗೆಯಲ್ಲಿ ಬರೀ ನೀರು ಟಾಪ್-ಅಪ್ ಮಾಡಿದ್ದು ಈಗ ಹೊರಬೀಳುತ್ತದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ರೇಡಿಯೇಟರ್ ಸೀಳೋದಕ್ಕೆ ಅಷ್ಟು ಸಾಕು.

ಎಲ್ಲರೂ ಮರೆಯೋದು ಗಾಜು ತೊಳೆಯುವ ನೀರಿನ ಡಬ್ಬಿ. ಅದರಲ್ಲಿ ಬರೀ ನೀರಿದ್ದರೆ ಡಬ್ಬಿ ಒಡೆಯುತ್ತದೆ, ಪಂಪೂ ಹೋಗುತ್ತದೆ. ಹೆಪ್ಪುಗಟ್ಟದ ದ್ರಾವಣ ತುಂಬಿ, ಗಾಜಿನ ಮೇಲೆ ಅದೇ ಚಿಮ್ಮುವವರೆಗೆ ಒತ್ತಿ. ಪೈಪಿನಲ್ಲಿರುವ ಹಳೆ ನೀರೂ ಹೋಗಬೇಕಲ್ಲ.

[ದೃಶ್ಯ: ಬ್ಯಾಟರಿ, ಮಲ್ಟಿಮೀಟರ್. ಪರದೆಯ ಮೇಲೆ 12.6.]

ಬ್ಯಾಟರಿಗೆ ಬರೋಣ. ಕೀಲಿ ತೆಗೆದು ಬಾಗಿಲು ಹಾಕಿದರೂ ಕಾರು ನಿದ್ದೆ ಮಾಡೋದಿಲ್ಲ. ಅಲಾರ್ಮ್, ರಿಮೋಟ್ ರಿಸೀವರ್, ಕಂಪ್ಯೂಟರಿನ ನೆನಪು ಎಲ್ಲ ಸೇರಿ 20ರಿಂದ 50 ಮಿಲಿ ಆಂಪಿಯರ್ ಎಳೆಯುತ್ತಲೇ ಇರುತ್ತವೆ. 40 ಅಂತ ಇಟ್ಟುಕೊಳ್ಳಿ. ದಿನಕ್ಕೆ ಹತ್ತಿರ ಹತ್ತಿರ 1 ಆಂಪಿಯರ್-ಅವರ್. 45 ಆಂಪಿಯರ್-ಅವರ್ ಬ್ಯಾಟರಿ ಮೂರೂವರೆ ವಾರಕ್ಕೆ ಅರ್ಧ ಇಳಿಯಿತು. ಅರ್ಧ ಇಳಿದ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ, ಅದು ಗಟ್ಟಿಯಾದ ಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆ ಶಕ್ತಿ ಬರೋದಿಲ್ಲ. ಇನ್ನೊಂದು ಅಪಾಯ ಹೆಪ್ಪುಗಟ್ಟುವುದು. ಪೂರ್ತಿ ಚಾರ್ಜ್ ಇರುವ ಬ್ಯಾಟರಿಯ ಆಮ್ಲ ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ. ಖಾಲಿ ಬ್ಯಾಟರಿಯ ಒಳಗಿರೋದು ಬಹುಪಾಲು ನೀರು, ಮೈನಸ್ 10ರ ಆಚೀಚೆಗೇ ಗಡ್ಡೆಯಾಗಿ ಡಬ್ಬ ಉಬ್ಬುತ್ತದೆ. ಉಬ್ಬಿದ ಬ್ಯಾಟರಿಗೆ ಚಾರ್ಜರ್ ಆಗಲಿ, ಜಂಪರ್ ಕೇಬಲ್ ಆಗಲಿ ಹಚ್ಚಬೇಡಿ, ಸಿಡಿಯಬಹುದು.

ಕರೆಂಟ್ ಇರುವ ಜಾಗವಾದರೆ ಮೇಂಟೇನರ್ ಚಾರ್ಜರ್ ಹಾಕಿಟ್ಟುಬಿಡಿ. ಬ್ಯಾಟರಿ ತುಂಬಿದ ಮೇಲೆ ಅದು 13.2ರಿಂದ 13.6 ವೋಲ್ಟ್‌ಗೆ ತಾನೇ ಇಳಿಯುತ್ತದೆ. ಹಳೆ ಮಾದರಿಯ ಸಾಮಾನ್ಯ ಚಾರ್ಜರ್ ಹೀಗೆ ಇಳಿಯೋದಿಲ್ಲ, ಒಳಗಿನ ನೀರನ್ನು ಕುದಿಸಿ ಒಣಗಿಸುತ್ತದೆ, ಅದನ್ನು ಹಾಕಿ ಮರೆಯುವ ಹಾಗಿಲ್ಲ.

ಕರೆಂಟ್ ಇಲ್ಲದಿದ್ದರೆ ಪೂರ್ತಿ ಚಾರ್ಜ್ ಮಾಡಿ ಬಿಚ್ಚಿಡಿ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಹಾಕುವಾಗ ತಿರುಗುಮುರುಗು. ನೆಗೆಟಿವ್ ಕಾರಿನ ಮೈಗೇ ಸೇರಿರುತ್ತದೆ. ಪಾಸಿಟಿವ್ ಬಿಚ್ಚುವಾಗ ಸ್ಪಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್. ಬ್ಯಾಟರಿ ಡಿಕ್ಕಿಯಲ್ಲಿದ್ದು ಡಿಕ್ಕಿಯ ಲಾಕ್ ಬಟನ್‌ನಿಂದ ಮಾತ್ರ ತೆರೆಯುವಂಥದ್ದಾದರೆ, ಬಿಚ್ಚಿದ ಮೇಲೆ ಮುಚ್ಚಬೇಡಿ! ಕಾರ್ ಸ್ಟೀರಿಯೋಗೆ ಕೋಡ್ ಇದೆಯೇ ಅಂತಲೂ ಮೊದಲೇ ನೋಡಿಕೊಳ್ಳಿ. ಬಿಚ್ಚಿಟ್ಟದ್ದನ್ನು ತಿಂಗಳಿಗೊಮ್ಮೆ ಅಳೆಯಿರಿ: 12.6 ವೋಲ್ಟ್ ಅಂದರೆ ತುಂಬಿದೆ, 12.4ಕ್ಕೆ ಬಂದರೆ ಮುಕ್ಕಾಲು, ಮತ್ತೆ ಚಾರ್ಜ್‌ಗೆ ಹಾಕುವ ಹೊತ್ತು. ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಅನ್ನೋದು ಹಳೆಯ ಕಾಲದ ಡಬ್ಬಗಳ ಮಾತು, ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ಹಾಗೇನೂ ಆಗದು. ಎಲೆಕ್ಟ್ರಿಕ್ ಕಾರಿನವರೂ ಕೇಳಿಸಿಕೊಳ್ಳಿ: ದೊಡ್ಡ ಬ್ಯಾಟರಿಯನ್ನು ಕೈಪಿಡಿ ಹೇಳಿದ ಮಟ್ಟದಲ್ಲಿ, ಸಾಮಾನ್ಯವಾಗಿ ಅರ್ಧದ ಆಸುಪಾಸಿನಲ್ಲಿ ಬಿಡಿ. ನಿಮ್ಮ ಕಾರಿನಲ್ಲೂ ಸಣ್ಣ 12 ವೋಲ್ಟ್ ಬ್ಯಾಟರಿ ಇದೆ, ಕೈ ಕೊಡೋದು ಹೆಚ್ಚಾಗಿ ಅದೇ.

[ದೃಶ್ಯ: ಹಿಂದಿನ ಚಕ್ರದ ಎರಡೂ ಬದಿಗೆ ಮರದ ಬೆಣೆ.]

ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಡ್ರಮ್ಮಿಗೆ ಒತ್ತಿಕೊಂಡ ಲೈನಿಂಗ್ ತುಕ್ಕಿನಿಂದ ಅಲ್ಲೇ ಅಂಟಿ, ಕಾರು ಹೊರಡಿಸುವಾಗ ಕಿತ್ತು ಬರುತ್ತದೆ. ಸಮತಟ್ಟು ನೆಲ, ಮೊದಲ ಗೇರ್ ಅಥವಾ ಪಾರ್ಕಿಂಗ್, ಚಕ್ರಕ್ಕೆ ಹಿಂದೆ ಮುಂದೆ ಬೆಣೆ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಕೆಲವು ಕಾರುಗಳಲ್ಲಿ ಇಂಜಿನ್ ಆಫ್ ಮಾಡಿದ ಕೂಡಲೇ ತಾನೇ ಬೀಳುತ್ತದೆ, ಅದನ್ನು ತಪ್ಪಿಸುವ ಕ್ರಮ ಕೈಪಿಡಿಯಲ್ಲಿದೆ.

ಟಯರಿಗೆ ಮಾಮೂಲಿಗಿಂತ 5ರಿಂದ 8 ಪಿಎಸ್‌ಐ ಹೆಚ್ಚು ಗಾಳಿ. ಪಕ್ಕದಲ್ಲಿ ಅಚ್ಚಾದ ಗರಿಷ್ಠ ಮಿತಿ ದಾಟಬಾರದು. ತಾಪ ಪ್ರತಿ 5-6 ಡಿಗ್ರಿ ಇಳಿದಾಗ ಒಂದು ಪಿಎಸ್‌ಐ ತಾನೇ ಇಳಿಯುತ್ತದೆ. ಗಾಳಿ ಕಡಿಮೆಯಾಗಿ ಒಂದೇ ಕಡೆ ಭಾರ ಕೂತರೆ ಟಯರ್ ಅಲ್ಲೇ ಚಪ್ಪಟೆಯಾಗುತ್ತದೆ. ತಿಂಗಳಿಗೊಮ್ಮೆ ಕಾಲು ಸುತ್ತು ತಳ್ಳಿದರೂ ಆಯಿತು. ಸ್ಟ್ಯಾಂಡ್ ಮೇಲೆ ಎತ್ತಿಡುವುದು ಹೆಚ್ಚಿನವರಿಗೆ ಬೇಕಿಲ್ಲ. ಎತ್ತಿದರೂ ಚಕ್ರ ಜೋತು ಬೀಳದಂತೆ ಸಸ್ಪೆನ್ಷನ್ ಆರ್ಮ್ ಕೆಳಗೇ ಆಧಾರ ಕೊಡಿ.

[ದೃಶ್ಯ: ಏರ್ ಫಿಲ್ಟರ್ ಡಬ್ಬ ತೆರೆದರೆ ಒಳಗೆ ಹುಲ್ಲು, ಸೀಟಿನ ಹತ್ತಿ, ಅಡಿಕೆ ಚೂರಿನಷ್ಟು ಹಿಕ್ಕೆಗಳು.]

ಇಷ್ಟೆಲ್ಲ ಮಾಡಿ ಇಲಿಗೆ ಬಿಟ್ಟುಕೊಟ್ಟರೆ ಏನು ಬಂತು. ಪುಟ್ಟ ಚುಂಡಿಲಿಗೆ 6-7 ಮಿಲಿಮೀಟರ್ ಸಂದಿ ಸಾಕು, ಪೆನ್ಸಿಲ್ ತೂರುವ ಜಾಗದಲ್ಲಿ ಅದೂ ತೂರುತ್ತದೆ. ಕಾರಿನ ಒಳಗೆ ತಿಂಡಿಯ ಪುಡಿ, ಕಾಗದದ ಕರವಸ್ತ್ರ ಏನೂ ಉಳಿಯದಂತೆ ವ್ಯಾಕ್ಯೂಮ್ ಮಾಡಿ, ಕಾಲಡಿಯ ಮ್ಯಾಟ್ ತೆಗೆದಿಡಿ. ಸೈಲೆನ್ಸರ್ ತುದಿಗೂ ಗಾಳಿ ಎಳೆಯುವ ಕೊಳವೆಯ ಬಾಯಿಗೂ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ. ತುಕ್ಕು ಹಿಡಿಯದ ಜಾತಿಯದೇ ಇರಲಿ. ಕೂಡಲೇ ಒಂದು ಚೀಟಿ ಬರೆದು ಸ್ಟೀರಿಂಗ್‌ಗೆ ಕಟ್ಟಿ: "ನಾರು ತೆಗೆ, ಬೆಣೆ ತೆಗೆ, ಬ್ಯಾಟರಿ ಹಾಕು." ನುಸಿಗುಳಿಗೆ ಒಳಗೆ ಹಾಕಬೇಡಿ, ಇಲಿ ಹೋದರೂ ವಾಸನೆ ಹೋಗೋದಿಲ್ಲ. ಬೋನುಗಳನ್ನು ಗೋಡೆ ಬದಿಗೆ, ಕಾರಿನ ಹೊರಗೆ ಇಡಿ, ವಾರಕ್ಕೊಮ್ಮೆ ನೋಡಿ.

ಬಾಗಿಲಿನ ರಬ್ಬರಿಗೆ ಸಿಲಿಕೋನ್ ಗ್ರೀಸ್ ಸವರಿ. ಇಲಿ ಬರದ ಜಾಗವಾದರೆ ಗಾಜು ಒಂದು ಬೆರಳು ಇಳಿಸಿ, ಬೂಷ್ಟು ಹಿಡಿಯೋದಿಲ್ಲ. ಮೇಲೆ ಉಸಿರಾಡುವ ಬಟ್ಟೆಯ ಹೊದಿಕೆ. ಪ್ಲಾಸ್ಟಿಕ್ ಟಾರ್ಪಾಲು ಬೇಡವೇ ಬೇಡ, ಒಳಗೆ ಬೆವರಿ ಪೇಂಟ್ ಮೇಲೆ ಮಚ್ಚೆ ಬೀಳುತ್ತದೆ.

[ದೃಶ್ಯ: ಗ್ಯಾರೇಜ್ ಬಾಗಿಲು ತೆರೆಯುತ್ತದೆ. ಸ್ಟೀರಿಂಗ್ ಮೇಲಿನ ಚೀಟಿ.]

ಹೊರಗೆ ತೆಗೆಯುವ ದಿನ ಚೀಟಿಯಲ್ಲಿದ್ದದ್ದು ಮೊದಲು. ಏರ್ ಫಿಲ್ಟರ್ ಡಬ್ಬ ತೆರೆದು ಗೂಡಿದೆಯೇ ನೋಡಿ, ವೈರ್ ಕಡಿದಿದೆಯೇ ನೋಡಿ, ಕಾರಿನಡಿ ನೆಲದಲ್ಲಿ ಸೋರಿದ ಗುರುತು ಹುಡುಕಿ, ಟಯರ್ ಗಾಳಿ ಮಾಮೂಲಿಗೆ ತನ್ನಿ. ಬ್ರೇಕ್ ಪೆಡಲ್ ನಾಲ್ಕು ಸಲ ಒತ್ತಿ, ಗಟ್ಟಿ ಇರಬೇಕು. ಸ್ಟಾರ್ಟ್ ಆದ ಮೇಲೆ ಆಯಿಲ್ ದೀಪ ಆರುವವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ. ಮೊದಲ ಕೆಲವು ಬ್ರೇಕಿಗೆ ಕರಕರ ಸದ್ದು ಬರುತ್ತದೆ. ಡಿಸ್ಕಿನ ಮೇಲಿನ ತೆಳು ತುಕ್ಕು ಉಜ್ಜಿಹೋಗುವ ಸದ್ದು ಅದು. ಹತ್ತು ಕಿಲೋಮೀಟರ್ ಓಡಿದ ಮೇಲೂ ಸದ್ದು ಉಳಿದರೆ, ಅಥವಾ ಪೆಡಲ್ ಅದುರಿದರೆ, ಚಕ್ರ ಬಿಚ್ಚಿಸಿ ಡಿಸ್ಕ್ ನೋಡಿಸಿ.