ಹಾದಿ ಹಾಯಲಿಕ್ಕೆ

ಕೇಳುಗರಿಗೆ ನಮಸ್ಕಾರ. ಹುಬ್ಬಳ್ಳಿ, ಧಾರವಾಡಗಳ ಹಳೆಯ ವಾಡೆಗಳು ಅಣ್ಣತಮ್ಮಂದಿರಲ್ಲಿ ಪಾಲಾದಾಗ ಒಬ್ಬರಿಗೆ ಮುಂದಿನ ಮನೆ, ಇನ್ನೊಬ್ಬರಿಗೆ ಹಿಂದಿನ ಮನೆ. ನಡುವೆ ಎಂಟಡಿ ಹಾದಿ. ಅಲ್ಲಿ ಕಾರು ನಿಲ್ಲಿಸಿ ಜಗಳವಾಡಿ ನನ್ನ ವಕೀಲಿ ಕಚೇರಿಗೆ ಬರುವವರಿಗೆಲ್ಲ ನಾನು ಹೇಳುವುದು ಒಂದೇ: ಹಾಯುವ ಹಕ್ಕು ಬೇರೆ, ನಿಲ್ಲಿಸುವ ಹಕ್ಕು ಬೇರೆ.

1882ರ ಅನುಭೋಗ ಹಕ್ಕುಗಳ, ಅಂದರೆ ಬೇರೆಯವರ ನೆಲವನ್ನು ಬಳಸುವ ಹಕ್ಕುಗಳ, ಕಾಯ್ದೆಯಂತೆ ಹಿಂದಿನ ಮನೆಯವರು ಹಾಯಬಹುದು, ಬೀಡು ಬಿಡುವಂತಿಲ್ಲ. ನೆಲ ಮುಂದಿನ ಮನೆಯವರದೇ ಇರಲಿ, ಅವರೂ ಅಡ್ಡಗಟ್ಟುವಂತಿಲ್ಲ.

ಒಮ್ಮೆ ಅಣ್ಣತಮ್ಮಂದಿರಿಬ್ಬರು ಬಂದರು. ಹಿಂದಿನ ಮನೆಯ ತಮ್ಮ ಹೊಸ ಕಾರನ್ನು ಹಾದಿಯಲ್ಲೇ ನಿಲ್ಲಿಸತೊಡಗಿದ್ದ. ಸಿಟ್ಟಿಗೆದ್ದ ಅಣ್ಣ ಹಾದಿಯ ಬಾಯಿಗೆ ತನ್ನ ಹಳೆಯ ಜೀಪು ತಂದಿಟ್ಟ. ಹೊಸ ಕಾರು ಹನ್ನೊಂದು ದಿನ ಒಳಗೇ ಸೆರೆ! ಅಜ್ಜನ ಕಾಲದ ವಾಟ್ನಿ ಪತ್ರ, ಅಂದರೆ ಆಸ್ತಿ ಪಾಲಿನ ಪತ್ರ, ಬಿಚ್ಚಿದೆ. ‘ಚಕ್ಕಡಿ ಹೋಗಿ ಬರುವ ಸಲುವಾಗಿ ಹಾದಿ ಬಿಟ್ಟಿದೆ’ ಎಂದಿತ್ತು.

“ವಕೀಲರೇ, ಅಜ್ಜ ಎತ್ತಿನ ಕೊಳ್ಳ ಹರಿದು ಚಕ್ಕಡಿಯನ್ನು ರಾತ್ರಿಯಿಡೀ ಅಲ್ಲೇ ಬಿಡುತ್ತಿದ್ದರು” ಎಂದ ತಮ್ಮ.

“ಎತ್ತು ಕಟ್ಟಿಕೊಂಡು ಬರಲಿ, ನಾನೂ ಬಿಡುತ್ತೇನೆ” ಎಂದ ಅಣ್ಣ.

‘ಹೋಗಿ ಬರುವ ಸಲುವಾಗಿ’ ಎಂದು ಮೂರು ಸಲ ಓದಿ ಹೇಳಿದೆ. ಇಬ್ಬರಿಗೂ ಕೇಳಿಸಲಿಲ್ಲ. ಆ ವಾರ ನಲ್ಲಿಗೆ ನೀರು ಬರಲಿಲ್ಲ. ಅಣ್ಣ ಟ್ಯಾಂಕರ್ ತರಿಸಿದ. ಅವನ ನೀರಿನ ತೊಟ್ಟಿ ಹಿತ್ತಿಲಿನಲ್ಲಿ, ಅದೇ ಹಾದಿಯ ತುದಿಗೆ. ಜೀಪು ತೆಗೆಯಲು ಹೋದರೆ ಬ್ಯಾಟರಿ ಇಳಿದಿತ್ತು. ತನ್ನ ಕಾರು ಹೊರಬೀಳಲಿ ಎಂದು ದೂಡಲು ಬಂದವನು ತಮ್ಮನೇ. ಆಮೇಲೆ ಒಂದಾದರು ಎಂದುಕೊಳ್ಳಬೇಡಿ, ಇಂದಿಗೂ ಮಾತಿಲ್ಲ. ಹಾದಿ ಮಾತ್ರ ಖಾಲಿ ಇದೆ.

ನೋಡಿ, ಸಮಯವೆಲ್ಲ ಈ ಜೀಪಿಗೇ ಹೋಯಿತು. ಪತ್ರದಲ್ಲಿ ಹಾದಿಯ ಪ್ರಸ್ತಾಪವೇ ಇಲ್ಲವೇ? ಎಲ್ಲರ ಕಣ್ಣೆದುರು, ಯಾರ ಅಪ್ಪಣೆಯನ್ನೂ ಕೇಳದೆ, ತಡೆಯಿಲ್ಲದೆ 20 ವರ್ಷ ಹಾಯ್ದಿದ್ದರೆ ಹಕ್ಕು ಹುಟ್ಟುತ್ತದೆ. ಸರಕಾರಿ ಜಾಗಕ್ಕೆ 30 ವರ್ಷ. ‘ಹೋಗಿ ಬಾರಪ್ಪ’ ಎಂದು ನೆರೆಯವರು ಕೊಟ್ಟ ಅಪ್ಪಣೆ ಹಕ್ಕಲ್ಲ. ಹುಟ್ಟುವುದೂ ಹಾಯುವ ಹಕ್ಕೇ, ನಿಲ್ಲಿಸುವುದಲ್ಲ. ಸಿಟಿ ಸರ್ವೆ ಕಚೇರಿಯ ನಕಾಶೆಯನ್ನು ಖರೀದಿ ಪತ್ರದ ಚಕ್ಕುಬಂದಿಯೊಂದಿಗೆ, ಅಂದರೆ ನಾಲ್ಕೂ ಬದಿಯ ಎಲ್ಲೆಗಳ ವಿವರದೊಂದಿಗೆ, ತಾಳೆ ನೋಡಿ. ಅಡ್ಡಗಟ್ಟಿದರೆ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಡಬಹುದು. ದಯವಿಟ್ಟು ರಾತ್ರಿ ಹೋಗಿ ನೆರೆಯವರ ಕಾರಿನ ಚಕ್ರದ ಗಾಳಿ ಬಿಡಬೇಡಿ. ಗಾಳಿಯಿಲ್ಲದ ಕಾರು ಹಾದಿಯಿಂದ ಕದಲುವುದಾದರೂ ಹೇಗೆ? ನಮಸ್ಕಾರ.