ಉಚ್ಚಿಲ ಎಲ್ಲಿ ಬರಬೇಕು?

ಕೇಳುಗರಿಗೆ ನಮಸ್ಕಾರ.

ಉಡುಪಿಯಿಂದ ಮಂಗಳೂರಿಗೆ ಹೊರಟ ಬಸ್ಸಿನ ಕಂಡಕ್ಟರ್ ಕೂಗುವುದನ್ನು ನೆನಪಿಸಿಕೊಳ್ಳಿ. ಕಟಪಾಡಿ, ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್! ಮೊದಲಿಗೆ ಉಡುಪಿಯನ್ನೂ ಸೇರಿಸಿ. ಉ, ಕ, ಕಾ, ಪ, ಮೂ, ಸು. ಥೇಟ್ ನಿಘಂಟಿನ ಸಾಲು, ಅಲ್ವಾ? ಸುಮ್ನೆ ಹೀಗೆ ಕೂಡಿಬಂದದ್ದು, ಅಷ್ಟೇ. ಕಾಪು ದಾಟಿದ ಮೇಲೆ ಉಚ್ಚಿಲ ಬಂದು ಲೆಕ್ಕ ಕೆಡಿಸುತ್ತದೆ.

ನಮ್ಮ ಅಕ್ಷರಮಾಲೆಯೂ ಒಂದು ಬಸ್ ದಾರಿಯೇ. ಈಗ ಮೆಲ್ಲಗೆ ಹೇಳಿ ನೋಡಿ: ಕ, ಚ, ಟ, ತ, ಪ. ಗಂಟಲಿನ ಹತ್ತಿರ ಹೊರಟ ಸದ್ದು ಬಾಯಿಯ ಮೇಲ್ಭಾಗ ತಾಗಿ, ನಾಲಗೆ ಮಡಚಿಸಿ, ಹಲ್ಲು ಮುಟ್ಟಿ, ತುಟಿಗೆ ಬಂದು ಇಳಿಯುತ್ತದೆ. ಎಬಿಸಿಡಿಗೆ ಇಂಥ ದಾರಿ ಇಲ್ಲ. ಬಿ ತುಟಿಯದ್ದು, ಡಿ ನಾಲಗೆಯದ್ದು, ಎಫ್ ಮತ್ತೆ ತುಟಿಗೆ. ಆದರೂ ಆ ಸಾಲು ಬಹಳ ಹಳೆಯದು. ಸಿರಿಯಾದ ಕಡಲ ತೀರದ ಉಗಾರಿಟ್‌ನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ 30 ಅಕ್ಷರಗಳನ್ನು ಹೆಚ್ಚುಕಡಿಮೆ ಅದೇ ಸಾಲಿನಲ್ಲಿ ಬರೆದಿದ್ದಾರೆ. ಅವು 3,200 ವರ್ಷಕ್ಕೂ ಹಿಂದಿನವು. ಆ ಕಡಲ ತೀರದ ವ್ಯಾಪಾರಿಗಳಾದ ಫಿನೀಷಿಯನ್ನರಿಂದ ಗ್ರೀಕರಿಗೆ, ಅಲ್ಲಿಂದ ರೋಮನರಿಗೆ ಆ ಸಾಲು ದಾಟಿತು.

ಸಾಲು ಇದ್ದ ಮಾತ್ರಕ್ಕೆ ಅದರಲ್ಲಿ ಪದ ಹುಡುಕಬೇಕೆಂದು ಎಲ್ಲರಿಗೂ ಹೊಳೆಯಲಿಲ್ಲ. ನಮ್ಮ ಹಳೆಯ ಸಂಸ್ಕೃತ ಪದಕೋಶ ಅಮರಕೋಶವನ್ನೇ ನೋಡಿ. ಸ್ವರ್ಗದ ಪದಗಳು ಒಂದು ಕಡೆ, ಭೂಮಿಯವು ಒಂದು ಕಡೆ, ಗಿಡಮರಗಳವು ಇನ್ನೊಂದು ಕಡೆ, ಎಲ್ಲ ಶ್ಲೋಕದಲ್ಲಿ. ಬಾಯಿಪಾಠ ಮಾಡಿದವನಿಗೆ ಪುಟ ತಿರುಗಿಸುವ ಕೆಲಸವೇ ಇಲ್ಲ. ದಾರಿ ಗೊತ್ತಿದ್ದವನಿಗೆ ಬೋರ್ಡು ಯಾಕೆ?

ಅಕಾರಾದಿ ಬೇಕಾಗುವುದು ಹೊಸಬನಿಗೆ. 1604ರಲ್ಲಿ ರಾಬರ್ಟ್ ಕಾಡ್ರಿ ಇಂಗ್ಲಿಷ್ ಪದಗಳ ನಿಘಂಟು ತಂದಾಗ, ಎ ಇಂದ ಶುರುವಾಗುವ ಪದ ಬೇಕಾದರೆ ಪುಸ್ತಕದ ಮೊದಲಲ್ಲಿ ನೋಡಿ ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಯಿತು! ನಮ್ಮ ಮಂಗಳೂರಿನದೇ ದೊಡ್ಡ ಉದಾಹರಣೆ ಇದೆ. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟೆಲ್ ಸುಮಾರು 70,000 ಕನ್ನಡ ಪದ ಕೂಡಿಸಿದರು. 1894ರಲ್ಲಿ ಬಾಸೆಲ್ ಮಿಶನ್ ಅದನ್ನು ಇಲ್ಲೇ ಪ್ರಕಟಿಸಿತು. ಕನ್ನಡಕ್ಕೆ ಹೊಸಬರಾಗಿ ಬಂದವರೇ ಇಷ್ಟು ದೊಡ್ಡ ನಿಘಂಟು ಮಾಡಿದ್ದು ನನಗೆ ಆಶ್ಚರ್ಯ ಅನಿಸುವುದಿಲ್ಲ.

ನಿಘಂಟಿನಲ್ಲೂ ಎಡವುವ ಜಾಗ ಇದೆ. ಶಾಲೆಯ ಗೋಡೆಯ ಚಾರ್ಟಿನಲ್ಲಿ ಕ್ಷ ಕೊನೆಗೆ ನಿಂತಿರುತ್ತದೆ. ‘ಕ್ಷಮೆ’ ಹುಡುಕುವ ಮಕ್ಕಳು ಳಕಾರ ಮುಗಿಸಿ ಖಾಲಿ ಹಾಳೆ ನೋಡುತ್ತಾರೆ. ಅದು ಕಕಾರದ ಕೊನೆಯಲ್ಲಿ ಕೂತಿರುತ್ತದೆ.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಅಕ್ಕನ ಮದುವೆಯ ಕಾಗದ ಹಂಚುವ ಪಟ್ಟಿಯನ್ನು ಅಮ್ಮ ಕೈಯಲ್ಲಿ ಬರೆದಿದ್ದರು. ನಾನು ಅದನ್ನು ಕಂಪ್ಯೂಟರಿಗೆ ಹಾಕಿ ಊರಿನ ಹೆಸರಿನ ಮೇಲೆ ಅಕಾರಾದಿ ಮಾಡಿ ಮಾವನ ಕೈಗೆ ಕೊಟ್ಟೆ. ಉಚ್ಚಿಲ ಮೊದಲು, ಉಡುಪಿ ಆಮೇಲೆ, ಹೆಜಮಾಡಿ ಕಟ್ಟಕಡೆಗೆ. ಮಾವ ಸ್ಕೂಟರ್ ಸ್ಟಾರ್ಟ್ ಮಾಡಿದವರು ಪಟ್ಟಿ ನೋಡಿ ಆಫ್ ಮಾಡಿದರು. “ಎಂತ ಮಾರಾಯ ಇದು? ಪೆಟ್ರೋಲ್ ನೀನು ಹಾಕ್ತೀಯಾ? ಅಮ್ಮನ ಚೀಟಿ ತಾ.”